ಪೈಥಾನ್‌ನಲ್ಲಿ ಫೈಲನ್ನು ಸಾಲು ಸಾಲಾಗಿ ಓದುವುದು: ಯಾವ ಕೆಲಸಕ್ಕೆ ಯಾವ ದಾರಿ?

ಪೈಥಾನ್‌ನಲ್ಲಿ ಟೆಕ್ಸ್ಟ್ ಫೈಲ್ ಓದಲು ದಾರಿಗಳು ಬೇಕಾದಷ್ಟಿವೆ. ಫೈಲಿನ ಮೇಲೆ ನೇರವಾಗಿ ಫಾರ್ ಲೂಪ್ ಹಾಕಬಹುದು. ರೀಡ್‌ಲೈನ್ಸ್ ಕರೆದು ಎಲ್ಲ ಸಾಲುಗಳ ಲಿಸ್ಟ್ ಪಡೆಯಬಹುದು. ರೀಡ್ ಕರೆದು ಇಡೀ ಫೈಲನ್ನು ಒಂದೇ ಸ್ಟ್ರಿಂಗ್ ಮಾಡಿಕೊಂಡು ಆಮೇಲೆ ತುಂಡು ಮಾಡಬಹುದು. ವೈಲ್ ಲೂಪ್ ಒಳಗೆ ರೀಡ್‌ಲೈನ್ ಇಡಬಹುದು. ಇಷ್ಟು ಸಾಲದು ಅಂತ ಫೈಲ್‌ಇನ್‌ಪುಟ್, ಲೈನ್‌ಕ್ಯಾಶ್, ಎಂಮ್ಯಾಪ್ ಎಂಬ ಮಾಡ್ಯೂಲ್‌ಗಳು ಬೇರೆ. ಹೊಸಬರಿಗೆ ತಲೆ ಕೆಡುವುದು ಸಹಜ.

ಇವುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ. ಯಾವುದು ಎಷ್ಟು ಮಿಲಿಸೆಕೆಂಡ್ ಅಂತ. ನನ್ನ ಪ್ರಕಾರ ವೇಗದ ಮಾತು ಕೊನೆಗೆ ಬರಲಿ. ಮೊದಲು ಕೇಳಬೇಕಾದ್ದು, ಫೈಲ್ ಪೂರ್ತಿಯಾಗಿ ಒಂದೇ ಸಲ ಕೈಯಲ್ಲಿರಬೇಕಾ ಅಂತ. ಆಮೇಲೆ, ಅದು ಯಾವ ಎನ್‌ಕೋಡಿಂಗ್‌ನಲ್ಲಿದೆ, ಅಂದರೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಬೈಟ್‌ಗಳಾಗಿ ಬರೆದಿದೆ ಅಂತ. ಕನ್ನಡದ ಫೈಲ್ ಆದರಂತೂ ಈ ಎರಡನೇ ಪ್ರಶ್ನೆಯೇ ಜಾಸ್ತಿ ಜನರನ್ನು ಬೀಳಿಸುತ್ತದೆ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೋಡಿನ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಮಾಮೂಲಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.

ಸುಮ್ನೆ ಫಾರ್ ಲೂಪ್ ಹಾಕಿ

‘ವಿತ್ ಓಪನ್’ ಅಂತ ಫೈಲ್ ತೆರೆಯಿರಿ. ಅದಕ್ಕೆ ಎಫ್ ಅಂತ ಹೆಸರಿಡಿ. ಕೆಳಗೆ ‘ಫಾರ್ ಲೈನ್ ಇನ್ ಎಫ್’ ಅಂತ ಬರೆದರೆ ಮುಗೀತು. ಪ್ರತಿ ಸುತ್ತಿಗೂ ಒಂದು ಸಾಲು ಕೈಗೆ ಬರುತ್ತದೆ. ಅದರ ಕೆಲಸ ಆದ ಮೇಲೆ ಪೈಥಾನ್ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಫೈಲ್ 5 ಎಂಬಿ ಇರಲಿ, 50 ಜಿಬಿ ಇರಲಿ, ಮೆಮೊರಿಯಲ್ಲಿ ಇರುವುದು ಒಂದು ಸಾಲು ಮತ್ತು ಬಫರ್ ಎಂಬ ಒಂದು ಚಿಕ್ಕ ತಾತ್ಕಾಲಿಕ ಜಾಗ ಅಷ್ಟೇ. ಲೂಪ್ ಮಧ್ಯದಲ್ಲಿ ಎರರ್ ಬಂದರೂ ವಿತ್ ಫೈಲನ್ನು ಮುಚ್ಚುತ್ತದೆ.

ಪ್ರತಿ ಸಾಲಿಗೂ ಡಿಸ್ಕ್‌ವರೆಗೆ ಹೋಗಿ ಬರುತ್ತದೆ, ಹಾಗಾಗಿ ಇದು ನಿಧಾನ ಅನ್ನುವ ಅನುಮಾನ ಹಲವರಿಗಿದೆ. ಹಾಗೇನಿಲ್ಲ. ಓಪನ್ ಕೊಡುವ ಫೈಲ್ ಆಬ್ಜೆಕ್ಟ್ ಒಳಗೆ ಪದರಗಳಿವೆ. ಕೆಳಗಿನದು ಡಿಸ್ಕಿನಿಂದ ಬೈಟ್‌ಗಳನ್ನು ತರುತ್ತದೆ. ಮಧ್ಯದ್ದು ಅವನ್ನು ದೊಡ್ಡ ದೊಡ್ಡ ಗಟ್ಟಿಗಳಾಗಿ ತಂದು ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಬಹುಕಾಲ ಈ ಗಟ್ಟಿಯ ಅಳತೆ 8192 ಬೈಟ್ ಇತ್ತು. ಮೇಲಿನ ಪದರ ಆ ಬೈಟ್‌ಗಳನ್ನು ಅಕ್ಷರ ಮಾಡಿ, ಸಾಲುಗಳಾಗಿ ಕತ್ತರಿಸಿ ಕೊಡುತ್ತದೆ. ನೂರಾರು ಸಾಲುಗಳಿಗೆ ಡಿಸ್ಕ್ ಪ್ರಯಾಣ ಒಂದೇ ಆಗಿರಬಹುದು.

ಈ ಸೌಕರ್ಯ ಮೊದಲಿನಿಂದ ಇರಲಿಲ್ಲ. 2001ರಲ್ಲಿ ಬಂದ ಪೈಥಾನ್ 2.1ರಲ್ಲಿ ಎಕ್ಸ್‌ರೀಡ್‌ಲೈನ್ಸ್ ಎಂಬ ವಿಚಿತ್ರ ಹೆಸರಿನ ಮೆಥಡ್ ಇತ್ತು. ಅದೇ ವರ್ಷದ ಕೊನೆಗೆ ಬಂದ 2.2ರಲ್ಲಿ ಇಟರೇಟರ್‌ಗಳು, ಅಂದರೆ ಕೇಳಿದಾಗ ಒಂದೊಂದೇ ವಸ್ತು ಕೊಡುವ ಆಬ್ಜೆಕ್ಟ್‌ಗಳು, ಭಾಷೆಯೊಳಗೆ ಸೇರಿದವು. ಫೈಲಿನ ಮೇಲೆ ನೇರವಾಗಿ ಲೂಪ್ ಹಾಕುವಂತಾಯಿತು. ಎಕ್ಸ್‌ರೀಡ್‌ಲೈನ್ಸ್‌ಗೆ ಕೆಲಸ ಇಲ್ಲದಂತಾಯಿತು. ಹಳೆಯ ಕೋಡಿನಲ್ಲಿ ಈ ಹೆಸರು ಕಂಡರೆ ಧೈರ್ಯವಾಗಿ ಅಳಿಸಿ, ಅಲ್ಲಿ ಬರೀ ಎಫ್ ಇಡಿ.

ಸಾಲಿನ ಜೊತೆ ಅದರ ಕೊನೆಯ ನ್ಯೂಲೈನ್ ಅಕ್ಷರವೂ ಬರುತ್ತದೆ. ಪ್ರಿಂಟ್ ಮಾಡಿದಾಗ ಸಾಲುಗಳ ಮಧ್ಯೆ ಖಾಲಿ ಜಾಗ ಕಾಣುವುದು ಇದರಿಂದಲೇ. ಅದನ್ನು ತೆಗೆಯಲು ಎಲ್ಲರೂ ಸ್ಟ್ರಿಪ್ ಬಳಸುತ್ತಾರೆ. ನಾನು ಆರ್‌ಸ್ಟ್ರಿಪ್‌ಗೆ ನ್ಯೂಲೈನ್ ಒಂದನ್ನೇ ಕೊಟ್ಟು ಕರೆಯಿರಿ ಅನ್ನುತ್ತೇನೆ. ಬರೀ ಸ್ಟ್ರಿಪ್ ಎರಡೂ ಕಡೆಯ ಸ್ಪೇಸ್, ಟ್ಯಾಬ್ ಎಲ್ಲವನ್ನೂ ಒರೆಸಿಹಾಕುತ್ತದೆ. ಟ್ಯಾಬ್‌ನಿಂದ ಕಾಲಂ ಬೇರ್ಪಡಿಸಿದ ಫೈಲಿನಲ್ಲಿ ಕೊನೆಯ ಎರಡು ಕಾಲಂ ಖಾಲಿ ಇದ್ದರೆ, ಆ ಖಾಲಿ ಕಾಲಂಗಳೇ ಮಾಯ. ಕನ್ನಡದಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಅದು ಮುಂದೆ ಬರುತ್ತದೆ.

ಇನ್ನೊಂದು ವಿಷಯ. ಫೈಲನ್ನು ಒಂದು ಸಲ ಪೂರ್ತಿ ಓದಿದ ಮೇಲೆ ಅದೇ ಎಫ್ ಮೇಲೆ ಮತ್ತೊಂದು ಫಾರ್ ಲೂಪ್ ಹಾಕಿದರೆ ಏನೂ ಬರುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಸುಮ್ಮನೆ ಸೊನ್ನೆ ಸಾಲು. ಮತ್ತೆ ಓದಬೇಕಾದರೆ ಸೀಕ್‌ಗೆ ಸೊನ್ನೆ ಕೊಟ್ಟು ಆರಂಭಕ್ಕೆ ಹೋಗಬೇಕು.

ರೀಡ್‌ಲೈನ್ಸ್: ಲಿಸ್ಟ್ ನಿಜಕ್ಕೂ ಬೇಕಿದ್ದಾಗ

ರೀಡ್‌ಲೈನ್ಸ್ ಎಲ್ಲ ಸಾಲುಗಳನ್ನೂ ಒಂದು ಲಿಸ್ಟ್‌ನಲ್ಲಿ ತುಂಬಿ ಕೊಡುತ್ತದೆ. ‘ಲಿಸ್ಟ್’ ಒಳಗೆ ಎಫ್ ಹಾಕಿದರೂ ಅದೇ ಫಲ. ಸಾಲುಗಳನ್ನು ಸಾರ್ಟ್ ಮಾಡಬೇಕು, ಕೊನೆಯಿಂದ ಹಿಂದಕ್ಕೆ ನೋಡಬೇಕು, 40ನೇ ಸಾಲು ನೋಡುವಾಗ 12ನೇದಕ್ಕೂ 90ನೇದಕ್ಕೂ ಜಿಗಿಯಬೇಕು ಅಂದರೆ ಇದೇ ಸರಿ. ಸಣ್ಣ ಕಾನ್ಫಿಗ್ ಫೈಲಿಗೂ ತೊಂದರೆ ಇಲ್ಲ. ಇನ್ನೂರು ಸಾಲಿನ ಫೈಲಿಗೆ ರೀಡ್‌ಲೈನ್ಸ್ ಬಳಸಿದವರನ್ನು ಕೋಡ್ ರಿವ್ಯೂನಲ್ಲಿ ಬೈಯುವುದು ಸುಮ್ನೆ ಕಾಲಹರಣ.

ದೊಡ್ಡ ಫೈಲಿಗೆ ಮಾತ್ರ ಇದು ಎಲೆ ಹಾಕಿದ ಕೂಡಲೇ ಇಡೀ ಹಂಡೆ ಅನ್ನವನ್ನು ಸುರಿಸಿಕೊಂಡ ಹಾಗೆ. ಎಷ್ಟು ಭಾರ ಅಂತ ಒಂದು ಲೆಕ್ಕ ನೋಡಿ. ಸಾಲಿಗೊಂದು ಪದದಂತೆ 10 ಲಕ್ಷ ಕನ್ನಡ ಪದಗಳಿರುವ ಫೈಲ್ ಅಂದುಕೊಳ್ಳಿ. ಪದಕ್ಕೆ ಸುಮಾರು ಏಳು ಯೂನಿಕೋಡ್ ಅಕ್ಷರ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಒಂದಕ್ಕೆ 3 ಬೈಟ್, ಜೊತೆಗೊಂದು ನ್ಯೂಲೈನ್. ಡಿಸ್ಕಿನಲ್ಲಿ ಹತ್ತಿರಹತ್ತಿರ 22 ಎಂಬಿ. ಅದೇ ಲಿಸ್ಟ್ ಆದಾಗ ಪ್ರತಿ ಪದವೂ ಒಂದು ಸ್ಟ್ರಿಂಗ್ ಆಬ್ಜೆಕ್ಟ್. ಅಕ್ಷರಗಳಿಗಿಂತ ಆ ಆಬ್ಜೆಕ್ಟಿನ ತಲೆಬರಹಕ್ಕೇ ಜಾಸ್ತಿ ಜಾಗ ಬೇಕು. ಅದರ ಮೇಲೆ ಲಿಸ್ಟ್‌ನಲ್ಲಿ ತಲಾ 8 ಬೈಟಿನ ಪಾಯಿಂಟರ್. 64 ಬಿಟ್ ಯಂತ್ರದಲ್ಲಿ ಒಟ್ಟು 90ರಿಂದ 100 ಎಂಬಿ ಆಸುಪಾಸು. ನಾಲ್ಕು ಪಟ್ಟಿಗಿಂತ ಹೆಚ್ಚು. ಸಾಲು ಚಿಕ್ಕದಾದಷ್ಟೂ ಈ ದಂಡ ದೊಡ್ಡದು.

ರೀಡ್‌ಲೈನ್ಸ್ ಬಳಸುವ ಎಷ್ಟೋ ಕಡೆ ಅದು ಬೇಕೇ ಇರುವುದಿಲ್ಲ. ಸಾಲಿನ ನಂಬರ್ ಬೇಕಾ? ಎನ್ಯೂಮರೇಟ್‌ಗೆ ಎಫ್ ಕೊಟ್ಟು, ಸ್ಟಾರ್ಟ್ 1 ಅನ್ನಿ. ಮೊದಲ ಐದು ಸಾಲು ಸಾಕಾ? ಇಟರ್‌ಟೂಲ್ಸ್‌ನ ಐಸ್ಲೈಸ್ ಇದೆ. ಕೊನೆಯ ಹತ್ತು ಸಾಲು ಬೇಕಾದರೆ ಕಲೆಕ್ಷನ್ಸ್‌ನ ಡೆಕ್‌ಗೆ ಎಫ್ ಕೊಟ್ಟು ಮ್ಯಾಕ್ಸ್‌ಲೆನ್ 10 ಇಡಿ. ಫೈಲ್ ಪೂರ್ತಿ ಹರಿದುಹೋಗುತ್ತದೆ, ಕೈಯಲ್ಲಿ ಉಳಿಯುವುದು ಹತ್ತೇ ಸಾಲು. ಮೊದಲ ಸಾಲಿನ ಹೆಡರ್ ಬಿಡಬೇಕಾದರೆ ಲೂಪಿಗಿಂತ ಮುಂಚೆ ಒಂದು ಸಲ ನೆಕ್ಸ್ಟ್ ಕರೆಯಿರಿ. ಎರಡನೇ ಆರ್ಗ್ಯುಮೆಂಟ್ ಆಗಿ ನನ್ ಕೊಟ್ಟರೆ ಖಾಲಿ ಫೈಲ್ ಬಂದರೂ ಪ್ರೋಗ್ರಾಂ ಬೀಳುವುದಿಲ್ಲ. ಎರಡೆರಡು ಸಾಲು ಜೋಡಿಯಾಗಿ ಬೇಕಾದರೆ ಜಿಪ್‌ಗೆ ಅದೇ ಎಫ್ ಎರಡು ಸಲ ಕೊಡಿ. ಆದರೆ ಸಾಲುಗಳ ಸಂಖ್ಯೆ ಬೆಸ ಆದರೆ ಕೊನೆಯ ಒಂಟಿ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ರೀಡ್ ಮಾಡಿ ತುಂಡರಿಸುವುದು

ಪೂರ್ತಿ ಫೈಲನ್ನು ಒಂದೇ ಸ್ಟ್ರಿಂಗ್ ಮಾಡಿಕೊಳ್ಳುವುದು ಒಳ್ಳೆಯದೇ, ಯಾವಾಗ ಅಂದರೆ ನೀವು ಹುಡುಕುವ ವಸ್ತು ಸಾಲಿನ ಗಡಿ ದಾಟುವಾಗ. ನಾಲ್ಕು ಸಾಲಿಗೆ ಹರಡಿದ ಪ್ಯಾಟರ್ನ್ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ಸಾಲು ಸಾಲಾಗಿ ಕೊಟ್ಟರೆ ಅದು ಏನು ತಾನೇ ಮಾಡೀತು?

ಸಾಲುಗಳೇ ಬೇಕಾಗಿದ್ದು, ರೀಡ್ ಮಾಡಿ ಆಮೇಲೆ ಕತ್ತರಿಸುವುದಾದರೆ ಎರಡು ಕತ್ತರಿಗಳಿವೆ. ಎರಡಕ್ಕೂ ಒಂದೊಂದು ಚಾಳಿ ಇದೆ. ಸ್ಪ್ಲಿಟ್‌ಗೆ ನ್ಯೂಲೈನ್ ಕೊಟ್ಟರೆ, ಫೈಲ್ ನ್ಯೂಲೈನ್‌ನಿಂದ ಮುಗಿದಿದ್ದಾಗ ಕೊನೆಗೆ ಒಂದು ಖಾಲಿ ಸ್ಟ್ರಿಂಗ್ ಹೆಚ್ಚುವರಿಯಾಗಿ ಬರುತ್ತದೆ. ಸಾಲು ಎಣಿಸುವವರಿಗೆ ಒಂದು ಜಾಸ್ತಿ. ಸ್ಪ್ಲಿಟ್‌ಲೈನ್ಸ್‌ನಲ್ಲಿ ಆ ತೊಂದರೆ ಇಲ್ಲ. ಆದರೆ ಅದು ಬೇರೆ ಎಷ್ಟೋ ಅಕ್ಷರಗಳನ್ನೂ ಸಾಲಿನ ಕೊನೆ ಅಂತ ತಿಳಿಯುತ್ತದೆ: ವರ್ಟಿಕಲ್ ಟ್ಯಾಬ್, ಫಾರ್ಮ್ ಫೀಡ್, ಯೂನಿಕೋಡಿನ 2028 ಮತ್ತು 2029, ಮತ್ತೆ 85 ಎಂಬ ಹೆಕ್ಸ್ ಬೆಲೆಯ ಹಳೆಯ ಕಂಟ್ರೋಲ್ ಅಕ್ಷರ. ಫಾರ್ ಲೂಪ್ ಇವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಿಡಿಎಫ್‌ನಿಂದ ಪಠ್ಯ ತೆಗೆಯುವ ಪಿಡಿಎಫ್‌ಟುಟೆಕ್ಸ್ಟ್ ಪ್ರತಿ ಪುಟ ಮುಗಿದಾಗ ಒಂದು ಫಾರ್ಮ್ ಫೀಡ್ ಇಡುತ್ತದೆ. ಅಂಥ ಫೈಲಿನಲ್ಲಿ ಸ್ಪ್ಲಿಟ್‌ಲೈನ್ಸ್ ಕೊಡುವ ಸಾಲಿನ ನಂಬರಿಗೂ ಸಾಲು ಹುಡುಕುವ ಗ್ರೆಪ್ ಕಮಾಂಡ್ ತೋರಿಸುವ ನಂಬರಿಗೂ ತಾಳೆ ಆಗುವುದಿಲ್ಲ. ಸಾಲಿಗೊಂದು ಜೇಸನ್ ಇರುವ ಫೈಲಿನಲ್ಲಿ 2028 ನುಸುಳಿದ್ದರೆ ಒಂದು ರೆಕಾರ್ಡ್ ನಡುವೆಯೇ ಎರಡಾಗುತ್ತದೆ.

ಮೆಮೊರಿ ಲೆಕ್ಕ ಇಲ್ಲಿ ಇನ್ನೂ ಮಜವಾಗಿದೆ. ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳು ಒಳಗಿರುವ ಅಕ್ಷರಗಳನ್ನು ನೋಡಿ ಜಾಗ ತೆಗೆದುಕೊಳ್ಳುತ್ತವೆ. ಬರೀ ಇಂಗ್ಲಿಷ್ ಆದರೆ ಅಕ್ಷರಕ್ಕೆ 1 ಬೈಟ್. ಕನ್ನಡ ಇದ್ದರೆ 2. ಒಂದೇ ಒಂದು ಇಮೋಜಿ ಬಂದರೂ ಆ ಇಡೀ ಸ್ಟ್ರಿಂಗ್‌ನ ಪ್ರತಿ ಅಕ್ಷರಕ್ಕೂ 4. ಡಿಸ್ಕಿನಲ್ಲಿ 300 ಎಂಬಿ ಇರುವ ಶುದ್ಧ ಕನ್ನಡ ಫೈಲ್ ಅಂದರೆ 10 ಕೋಟಿ ಅಕ್ಷರ. ರೀಡ್ ಮಾಡಿದರೆ ಸ್ಟ್ರಿಂಗ್ 200 ಎಂಬಿ. ಯಾರೋ ಮಧ್ಯದಲ್ಲಿ ಒಂದು ನಗುಮುಖ ಹಾಕಿದ್ದರೆ 400 ಎಂಬಿ! ಓದುವ ಕ್ಷಣದಲ್ಲಿ ಮೂಲ ಬೈಟ್‌ಗಳೂ ಜೊತೆಗೇ ಇರುತ್ತವೆ, ಅದು ಬೇರೆ. ಫಾರ್ ಲೂಪ್‌ನಲ್ಲಾದರೆ ಆ ನಗುಮುಖದ ಬೆಲೆ ತೆರುವುದು ಅದಿರುವ ಒಂದು ಸಾಲು ಮಾತ್ರ.

ಕನ್ನಡ ಫೈಲ್ ಆದರೆ ಇಲ್ಲಿ ನಿಲ್ಲಿ

ಮೇಲಿನ ಯಾವ ದಾರಿ ಹಿಡಿದರೂ ಓಪನ್ ಕರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ. ಬರೆಯದಿದ್ದರೆ ಪೈಥಾನ್ ಯಂತ್ರದ ಸೆಟ್ಟಿಂಗ್ ನೋಡಿ ತಾನೇ ಊಹಿಸುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಆ ಊಹೆ ಸಾಮಾನ್ಯವಾಗಿ ಸರಿ ಇರುತ್ತದೆ. ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ ಅದು ಸಿಪಿ1252 ಎಂಬ ಪಶ್ಚಿಮ ಯುರೋಪಿನ ಪಟ್ಟಿ. ಪೈಥಾನ್ 3.15ರಿಂದ ಎಲ್ಲ ಕಡೆ ಯುಟಿಎಫ್-8 ಡಿಫಾಲ್ಟ್ ಆಗಬೇಕು ಅಂತ ಪೆಪ್ 686 ಎಂಬ ಪೈಥಾನ್ ಪ್ರಸ್ತಾವದಲ್ಲಿ ತೀರ್ಮಾನ ಆಗಿದೆ. ಆದರೆ ಆಫೀಸಿನ ಕಂಪ್ಯೂಟರ್‌ಗಳಲ್ಲಿ ಹಳೆಯ ಪೈಥಾನ್ ಎಷ್ಟು ವರ್ಷ ಉಳಿಯುತ್ತದೆ ಅಂತ ನಿಮಗೂ ಗೊತ್ತು.

ಸಿಪಿ1252ರಲ್ಲಿ ಕನ್ನಡ ಓದಿದರೆ ಏನಾಗುತ್ತದೆ ಅನ್ನುವುದು ಪದದ ಮೇಲೆ ನಿಂತಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರವೂ ಮೂರು ಬೈಟ್. ಹಲಂತ ಚಿಹ್ನೆ, ಅಂದರೆ ಒತ್ತಕ್ಷರ ಕೂಡಿಸುವ ಆ ‘್’, ಇ0 ಬಿ3 8ಡಿ ಎಂಬ ಮೂರು ಬೈಟ್ ಆಗುತ್ತದೆ. ಕೊನೆಯ 8ಡಿಗೆ ಸಿಪಿ1252ರಲ್ಲಿ ಅರ್ಥವೇ ಇಲ್ಲ. ಹಾಗಾಗಿ ‘ಕನ್ನಡ’ ಅನ್ನುವ ಪದ ಸಿಕ್ಕ ಕೂಡಲೇ ಯೂನಿಕೋಡ್‌ಡಿಕೋಡ್‌ಎರರ್ ಬರುತ್ತದೆ. ಉಕಾರದ ‘ು’ ಬಂದರೂ ಅದೇ ಗತಿ, ಅದರ ಕೊನೆಯ ಬೈಟ್ 81. ‘ಕಮಲ’ ಅನ್ನುವ ಪದದಲ್ಲಿ ಇವೆರಡೂ ಇಲ್ಲ. ಅದು ಯಾವ ಎರರ್ ಇಲ್ಲದೆ ಒಂಬತ್ತು ಅರ್ಥವಿಲ್ಲದ ಅಕ್ಷರಗಳಾಗಿ ಒಳಗೆ ಬರುತ್ತದೆ. ಎರರ್ ಬಂದವರು ಪುಣ್ಯವಂತರು. ಬರದೆ ಇರುವವರ ಕಥೆ ಕಷ್ಟ.

ಆ ಕಷ್ಟ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ‘ಮಠ’ ಪದ ನೋಡಿ. ‘ಠ’ ಅಕ್ಷರದ ಕೊನೆಯ ಬೈಟ್ ಎ0. ಸಿಪಿ1252ರಲ್ಲಿ ಅದು ಮುರಿಯದ ಸ್ಪೇಸ್. ಪೈಥಾನಿನ ಸ್ಟ್ರಿಪ್ ಅದನ್ನೂ ಸ್ಪೇಸ್ ಅಂತಲೇ ಎಣಿಸುತ್ತದೆ. ಸಾಲಿನ ಕೊನೆಗೆ ‘ಮಠ’ ಅಂತ ಇದ್ದು ನೀವು ಸ್ಟ್ರಿಪ್ ಕರೆದರೆ ನ್ಯೂಲೈನ್ ಜೊತೆ ‘ಠ’ದ ಒಂದು ಬೈಟೂ ಹೋಗುತ್ತದೆ. ಮತ್ತೆ ಅದೇ ಎನ್‌ಕೋಡಿಂಗ್‌ನಲ್ಲಿ ಫೈಲಿಗೆ ಬರೆದಾಗ ಮಿಕ್ಕ ಸಾಲುಗಳೆಲ್ಲ ಸರಿಯಾಗಿರುತ್ತವೆ. ‘ಮಠ’, ‘ಪಾಠ’, ‘ಹಠ’ದಿಂದ ಮುಗಿಯುವ ಸಾಲುಗಳು ಮಾತ್ರ ಹಾಳು. ಇಂಥ ದೋಷ ಹುಡುಕಲು ಕೂತರೆ ಒಂದು ವಾರ ಹೋದೀತು.

ಎರರ್ ಬಂದಾಗ ಕೆಲವರು ಲ್ಯಾಟಿನ್-1 ಹಾಕಿ ನೋಡುತ್ತಾರೆ. ಎರರ್ ನಿಲ್ಲುತ್ತದೆ, ಯಾಕೆಂದರೆ ಲ್ಯಾಟಿನ್-1ಕ್ಕೆ ಎಲ್ಲ 256 ಬೈಟ್‌ಗಳೂ ಒಪ್ಪಿಗೆ. ಆದರೆ ‘ಅ’ ಅಕ್ಷರದ ಕೊನೆಯ ಬೈಟ್ 85. ಲ್ಯಾಟಿನ್-1ರಲ್ಲಿ ಅದೇ ಮೇಲೆ ಹೇಳಿದ ಕಂಟ್ರೋಲ್ ಅಕ್ಷರ. ಆಮೇಲೆ ಸ್ಪ್ಲಿಟ್‌ಲೈನ್ಸ್ ಕರೆದರೆ ‘ಅಮ್ಮ’, ‘ಅಡಿಕೆ’, ‘ಅರಸ’ ಎಲ್ಲವೂ ‘ಅ’ ಆದ ಕೂಡಲೇ ಎರಡು ಸಾಲು. ಎರರ್ ಬಾಯಿ ಮುಚ್ಚಿಸುವುದಕ್ಕೆ ಮಾತ್ರ ಲ್ಯಾಟಿನ್-1 ಹಾಕಬೇಡಿ.

ಎಕ್ಸೆಲ್‌ನಿಂದ ‘ಸಿಎಸ್‌ವಿ ಯುಟಿಎಫ್-8’ ಅಂತ ಸೇವ್ ಮಾಡಿದ ಫೈಲಿನ ಆರಂಭದಲ್ಲಿ ಬಾಮ್ ಎಂಬ ಕಾಣದ ಗುರುತು ಇರುತ್ತದೆ. ಮೊದಲ ಸಾಲಿನ ಮೊದಲ ಕಾಲಂ ‘ಹೆಸರು’ ಅಂತ ಕಣ್ಣಿಗೆ ಕಾಣುತ್ತದೆ, ಆದರೆ ‘ಹೆಸರು’ ಜೊತೆ ಹೋಲಿಸಿದರೆ ಸುಳ್ಳು ಅನ್ನುತ್ತದೆ. ಸ್ಟ್ರಿಪ್‌ಗೆ ಈ ಗುರುತು ಹೋಗುವುದಿಲ್ಲ. ಎನ್‌ಕೋಡಿಂಗ್ ಅನ್ನು ‘ಯುಟಿಎಫ್-8-ಸಿಗ್’ ಅಂತ ಕೊಟ್ಟರೆ ಬಾಮ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಎಕ್ಸೆಲ್ ಫೈಲ್ ಬರುವ ಜಾಗದಲ್ಲೆಲ್ಲ ಇದನ್ನೇ ಬಳಸಿ. ‘ಬೆಂಗಳೂರ್‌ನಲ್ಲಿ’ ಥರದ ಪದಗಳ ನಡುವೆ ಕೂರುವ ಶೂನ್ಯ ಅಗಲದ ಅಕ್ಷರವೂ ಹಾಗೇ. ಸ್ಟ್ರಿಪ್ ಅದನ್ನು ಮುಟ್ಟುವುದಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸಾಲು ಬೇರೆ ಬೇರೆ ಅಂತ ಬಂದರೆ ಮೊದಲು ಇದನ್ನೇ ಸಂಶಯಿಸಿ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಆಗಿದ್ದರೆ ಎನ್‌ಕೋಡಿಂಗ್ ಏನು ಕೊಟ್ಟರೂ ಕನ್ನಡ ಬರುವುದಿಲ್ಲ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಸಾಲು ಓದುವ ಮಾತು ಆಮೇಲೆ.

ಬೈಟ್‌ಗಳಲ್ಲೇ ಓದುವ ದಾರಿ

ಮೋಡ್ ಜಾಗದಲ್ಲಿ ‘ಆರ್‌ಬಿ’ ಕೊಟ್ಟರೂ ಫಾರ್ ಲೂಪ್ ನಡೆಯುತ್ತದೆ. ಆಗ ಬರುವುದು ಅಕ್ಷರ ಅಲ್ಲ, ಬೈಟ್‌ಗಳು. ಯುಟಿಎಫ್-8ರಲ್ಲಿ ನ್ಯೂಲೈನ್ ಬೈಟ್ ಬೇರೆ ಯಾವ ಅಕ್ಷರದ ಹೊಟ್ಟೆಯಲ್ಲೂ ಬರುವುದಿಲ್ಲ. ಹಾಗಾಗಿ ಸಾಲು ಎಲ್ಲಿ ಕತ್ತರಿಸಿದರೂ ಕನ್ನಡ ಅಕ್ಷರ ತುಂಡಾಗುವುದಿಲ್ಲ. ವಿಂಡೋಸ್ ಫೈಲಿನ ಕ್ಯಾರೇಜ್ ರಿಟರ್ನ್ ಮಾತ್ರ ಸಾಲಿನ ಕೊನೆಗೆ ಉಳಿದಿರುತ್ತದೆ.

ಬರೀ ಸಾಲು ಎಣಿಸುವುದಕ್ಕೆ, ಯಾವುದೋ ಐಪಿ ವಿಳಾಸ ಇರುವ ಲಾಗ್ ಸಾಲುಗಳನ್ನು ಹೆಕ್ಕುವುದಕ್ಕೆ ಇದು ಚೆನ್ನ. ಡಿಕೋಡ್ ಮಾಡುವ ಕೆಲಸವೇ ಇಲ್ಲದಿರುವುದರಿಂದ ವೇಗವೂ ಸಿಗುತ್ತದೆ. ಆದರೆ ನನಗೆ ಇದು ಇಷ್ಟ ಆಗುವುದು ಕೊಳೆ ಡೇಟಾ ಬಂದಾಗ. ಲಕ್ಷ ಸಾಲಿನಲ್ಲಿ ಎಲ್ಲೋ ಒಂದು ಸಾಲು ಕೆಟ್ಟಿದೆ ಅಂದುಕೊಳ್ಳಿ. ಟೆಕ್ಸ್ಟ್ ಮೋಡಿನಲ್ಲಿ ಲೂಪ್ ಒಳಗೆ ಟ್ರೈ, ಎಕ್ಸೆಪ್ಟ್ ಹಾಕಿದರೆ ಉಪಯೋಗವಿಲ್ಲ. ಎರರ್ ಹುಟ್ಟುವುದು ಲೂಪಿನ ಒಳಗಲ್ಲ, ಮುಂದಿನ ಸಾಲು ಕೇಳುವಾಗ. ಅದೂ ಒಂದು ಗಟ್ಟಿಯನ್ನೇ ಒಟ್ಟಿಗೆ ಡಿಕೋಡ್ ಮಾಡುವುದರಿಂದ ಕೆಟ್ಟ ಸಾಲಿಗಿಂತ ಎಷ್ಟೋ ಸಾಲು ಮುಂಚೆಯೇ ಎರರ್ ಬೀಳುತ್ತದೆ. ಬೈಟ್‌ಗಳಲ್ಲಿ ಓದಿ, ಪ್ರತಿ ಸಾಲನ್ನೂ ನೀವೇ ಡಿಕೋಡ್ ಮಾಡಿದರೆ ಆ ಒಂದು ಸಾಲನ್ನು ಪಕ್ಕಕ್ಕಿಟ್ಟು ಮುಂದೆ ಹೋಗಬಹುದು. ಎಷ್ಟನೇ ಸಾಲು ಕೆಟ್ಟಿದೆ ಅಂತ ಸರಿಯಾಗಿ ಹೇಳಲೂಬಹುದು. ಎರರ್ಸ್ ಜಾಗದಲ್ಲಿ ‘ರೀಪ್ಲೇಸ್’ ಕೊಟ್ಟು ದಾಟಿಸುವುದು ಸುಲಭ, ಆದರೆ ಕೆಟ್ಟ ಜಾಗದಲ್ಲಿ ವಜ್ರಾಕಾರದೊಳಗಿನ ಪ್ರಶ್ನಾರ್ಥಕದ ಗುರುತು ಕೂತುಬಿಡುತ್ತದೆ. ಮೂಲ ಏನಿತ್ತು ಅಂತ ಮತ್ತೆ ಸಿಗುವುದಿಲ್ಲ.

ಕಂಪ್ರೆಸ್ ಆದ ಫೈಲುಗಳಿಗೂ ಇದೇ ಲೂಪ್ ಸಾಕು. ಕನ್ನಡ ವಿಕಿಪೀಡಿಯದ ಡಂಪ್ ಬಿಜಿಪ್2 ರೂಪದಲ್ಲಿ ಸಿಗುತ್ತದೆ. ಅದನ್ನು ಬಿಚ್ಚಿ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಬಿಜಡ್2 ಮಾಡ್ಯೂಲಿನ ಓಪನ್‌ನಿಂದ ತೆರೆದು ನೇರವಾಗಿ ಸಾಲು ಸಾಲಾಗಿ ಓದಬಹುದು. ಒಂದು ಎಚ್ಚರ: ಮಾಮೂಲಿ ಓಪನ್ ಟೆಕ್ಸ್ಟ್ ಮೋಡಿನಲ್ಲಿ ತೆರೆಯುತ್ತದೆ, ಆದರೆ ಬಿಜಡ್2, ಜಿಜಿಪ್, ಎಲ್‌ಜಡ್‌ಎಂಎ ಮೂರರ ಓಪನ್‌ಗಳೂ ಬೈಟ್ ಮೋಡಿನಲ್ಲಿ ತೆರೆಯುತ್ತವೆ. ಅಕ್ಷರ ಬೇಕಾದರೆ ‘ಆರ್‌ಟಿ’ ಅಂತ ಬರೆದೇ ಕೊಡಬೇಕು.

ರೀಡ್‌ಲೈನ್, ಕೊನೆಯಲ್ಲಿ ‘ಸ್’ ಇಲ್ಲದ್ದು

ಒಂದು ಅಕ್ಷರ ಕಡಿಮೆ, ಸ್ವಭಾವವೇ ಬೇರೆ. ಇದು ಕರೆದಾಗ ಒಂದು ಸಾಲು ಕೊಡುತ್ತದೆ. ಫೈಲ್ ಮುಗಿದಾಗ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಫೈಲಿನ ಮಧ್ಯದ ಖಾಲಿ ಸಾಲು ಮಾತ್ರ ಖಾಲಿ ಸ್ಟ್ರಿಂಗ್ ಅಲ್ಲ, ಅದರಲ್ಲಿ ನ್ಯೂಲೈನ್ ಇರುತ್ತದೆ. ಇದು ಗೊತ್ತಿಲ್ಲದೆ ಮೊದಲು ಸ್ಟ್ರಿಪ್ ಮಾಡಿ ಆಮೇಲೆ ‘ಖಾಲಿನಾ’ ಅಂತ ನೋಡಿದರೆ ಮೊದಲ ಖಾಲಿ ಸಾಲಿಗೇ ಲೂಪ್ ನಿಂತುಬಿಡುತ್ತದೆ. ಪೈಥಾನ್ 3.8ರಲ್ಲಿ ಬಂದ ವಾಲ್ರಸ್ ಚಿಹ್ನೆಯಿಂದ ಈ ಲೂಪನ್ನು ಒಂದೇ ಸಾಲಿನಲ್ಲಿ ಚೆನ್ನಾಗಿ ಬರೆಯಬಹುದು. ಆದರೂ ಮೊದಲಿನಿಂದ ಕೊನೆಯವರೆಗೆ ಓದುವ ಕೆಲಸಕ್ಕೆ ಇದನ್ನು ಬಳಸಲು ಕಾರಣವೇ ಇಲ್ಲ. ಫಾರ್ ಲೂಪ್ ಇದಕ್ಕಿಂತ ವೇಗ, ಇದಕ್ಕಿಂತ ಚಿಕ್ಕದು.

ಇದರ ನಿಜವಾದ ಜಾಗ ಮೂರು ಕಡೆ. ಒಂದು, ಬೆಳೆಯುತ್ತಲೇ ಇರುವ ಲಾಗ್ ಫೈಲ್ ಹಿಂಬಾಲಿಸುವುದು. ಖಾಲಿ ಬಂದರೆ ಸ್ವಲ್ಪ ಮಲಗಿ ಮತ್ತೆ ಕೇಳಬೇಕು. ಆಗ ಅರ್ಧ ಬರೆದ ಸಾಲೂ ಕೈಗೆ ಬರಬಹುದು. ಕೊನೆಯಲ್ಲಿ ನ್ಯೂಲೈನ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮುಂದಿನ ತುಂಡು ಬರುವವರೆಗೆ ಕೂಡಿಟ್ಟುಕೊಳ್ಳಿ. ಎರಡು, ಎಲ್ಲಿಯವರೆಗೆ ಓದಿದೆ ಅಂತ ಗುರುತಿಟ್ಟುಕೊಳ್ಳುವುದು. ಟೆಕ್ಸ್ಟ್ ಮೋಡಿನ ಫಾರ್ ಲೂಪ್ ಒಳಗೆ, ಫೈಲಿನಲ್ಲಿ ಈಗ ಎಲ್ಲಿದ್ದೇವೆ ಅಂತ ಹೇಳುವ ಟೆಲ್ ಕರೆದರೆ ಓಎಸ್‌ಎರರ್ ಬರುತ್ತದೆ. ರೀಡ್‌ಲೈನ್ ಜೊತೆ ಟೆಲ್ ನಡೆಯುತ್ತದೆ. ಪವರ್ ಹೋದರೂ ನಿಂತ ಜಾಗದಿಂದ ಮುಂದುವರಿಸಬೇಕಾದ ಕೆಲಸಕ್ಕೆ ಇದು ಬೇಕು. ಮೂರು, ಸಾಲೇ ಇಲ್ಲದ ಫೈಲ್. ಒಂದೂ ನ್ಯೂಲೈನ್ ಇಲ್ಲದ 2 ಜಿಬಿ ಜೇಸನ್ ಬಂದರೆ ಫಾರ್ ಲೂಪ್ ಅದನ್ನು ‘ಒಂದು ಸಾಲು’ ಅಂತ ಪೂರ್ತಿ ಎತ್ತಿಕೊಳ್ಳುತ್ತದೆ. ರೀಡ್‌ಲೈನ್‌ಗೆ ಗರಿಷ್ಠ ಅಳತೆ ಕೊಡಬಹುದು. ಹೊರಗಿನವರು ಅಪ್‌ಲೋಡ್ ಮಾಡುವ ಫೈಲ್ ಓದುವಾಗ ಈ ಮಿತಿ ಇರಲೇಬೇಕು.

ಮಿಕ್ಕ ಮಾಡ್ಯೂಲ್‌ಗಳು

ಫೈಲ್‌ಇನ್‌ಪುಟ್ ಹಲವು ಫೈಲುಗಳನ್ನು ಒಂದೇ ಹರಿವಿನಂತೆ ಓದುತ್ತದೆ. ಕಮಾಂಡ್‌ನಲ್ಲಿ ಫೈಲ್ ಹೆಸರು ಕೊಟ್ಟರೆ ಅವನ್ನು, ಕೊಡದಿದ್ದರೆ ಪೈಪಿನಿಂದ ಬಂದದ್ದನ್ನು. ಚಿಕ್ಕ ಟೂಲ್ ಬರೆಯುವವರಿಗೆ ಅನುಕೂಲ, ವೇಗ ಕಡಿಮೆ. ಇದರ ‘ಇನ್‌ಪ್ಲೇಸ್’ ಆಯ್ಕೆ ಓದುತ್ತಿರುವ ಫೈಲನ್ನೇ ತಿದ್ದುತ್ತದೆ. ಬ್ಯಾಕಪ್ ಹೆಸರು ಕೊಡದೆ ಅದನ್ನು ಓಡಿಸುವ ಧೈರ್ಯ ನನಗಂತೂ ಇಲ್ಲ. ಬೇರೆ ಹೆಸರಿನಲ್ಲಿ ಬರೆದು, ಕೊನೆಗೆ ಓಎಸ್ ಮಾಡ್ಯೂಲಿನ ರೀಪ್ಲೇಸ್‌ನಿಂದ ಹಳೆಯ ಫೈಲಿನ ಜಾಗಕ್ಕೆ ತರುವುದು ಮೇಲು.

ಲೈನ್‌ಕ್ಯಾಶ್ ‘ಇಷ್ಟನೇ ಸಾಲು ಕೊಡು’ ಅಂದರೆ ಕೊಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕಾಗಿ ಇಡೀ ಫೈಲನ್ನು ಮೆಮೊರಿಗೆ ತಂದಿಟ್ಟುಕೊಂಡಿರುತ್ತದೆ. ಫೈಲ್ ಇಲ್ಲದಿದ್ದರೂ ಎರರ್ ಕೊಡದೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಅದು ಟ್ರೇಸ್‌ಬ್ಯಾಕ್‌ನಲ್ಲಿ ಕೋಡಿನ ಸಾಲು ತೋರಿಸಲು ಹುಟ್ಟಿದ್ದು, ಡೇಟಾ ಓದಲು ಅಲ್ಲ. ಎಂಮ್ಯಾಪ್ ಬೇಕಾಗುವುದು ದೊಡ್ಡ ಫೈಲಿನಲ್ಲಿ ಹಿಂದೆ ಮುಂದೆ ಜಿಗಿಯುವಾಗ. ನೇರ ಓದಿಗೆ ಬೇಡ.

ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಿಎಸ್‌ವಿ ಫೈಲ್ ಬಂದರೆ ಈ ಯಾವುದನ್ನೂ ಕೈಯಾರೆ ಮಾಡಬೇಡಿ. ಸಾಲನ್ನು ಅಲ್ಪವಿರಾಮಕ್ಕೆ ಸ್ಪ್ಲಿಟ್ ಮಾಡುವುದು ಮೊದಲ ದಿನ ನಡೆಯುತ್ತದೆ. ಎರಡನೇ ದಿನ ಯಾರದ್ದೋ ವಿಳಾಸದ ಕಾಲಂನಲ್ಲಿ ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮವೋ ನ್ಯೂಲೈನೋ ಬರುತ್ತದೆ. ಅಲ್ಲಿ ಒಂದು ರೆಕಾರ್ಡ್ ಅಂದರೆ ಒಂದು ಸಾಲು ಅಲ್ಲ. ಸಿಎಸ್‌ವಿ ಮಾಡ್ಯೂಲಿನ ರೀಡರ್‌ಗೆ ಫೈಲ್ ಕೊಡಿ, ತೆರೆಯುವಾಗ ‘ನ್ಯೂಲೈನ್’ಗೆ ಖಾಲಿ ಸ್ಟ್ರಿಂಗ್ ಕೊಡಿ. ಅದೂ ಒಂದೊಂದೇ ರೆಕಾರ್ಡ್ ಓದುತ್ತದೆ, ಮೆಮೊರಿ ತುಂಬುವುದಿಲ್ಲ.

ಪೈಥಾನೇ ಬೇಕಾ?

ಎಷ್ಟೋ ಸಲ ಶೆಲ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್‌ನಂಥ ಪ್ರೋಗ್ರಾಂ ಸಾಕು. ಆದರೆ ಶೆಲ್‌ನಲ್ಲೂ ಆಯ್ಕೆ ಇದೆ. ಫೈಲನ್ನು ಹಾಗೇ ತೋರಿಸುವ ಕ್ಯಾಟ್ ಕಮಾಂಡಿನ ಔಟ್‌ಪುಟ್ ಮೇಲೆ ಫಾರ್ ಹಾಕುವುದು ತಪ್ಪು ದಾರಿ. ಅದು ಸಾಲಿಗೆ ಅಲ್ಲ, ಪದಕ್ಕೆ ಕತ್ತರಿಸುತ್ತದೆ. ಸಾಲಿನಲ್ಲೊಂದು ನಕ್ಷತ್ರ ಚಿಹ್ನೆ ಇದ್ದರೆ ಅದರ ಜಾಗದಲ್ಲಿ ಫೋಲ್ಡರ್‌ನ ಫೈಲ್ ಹೆಸರುಗಳೆಲ್ಲ ಬಂದು ಕೂರುತ್ತವೆ. ಸರಿಯಾದ ಬ್ಯಾಶ್ ದಾರಿ ‘ವೈಲ್ ರೀಡ್’. ರೀಡ್‌ಗೆ ಮುಂಚೆ, ಪದಗಳನ್ನು ಎಲ್ಲಿ ಬೇರ್ಪಡಿಸಬೇಕು ಅಂತ ಹೇಳುವ ಐಎಫ್‌ಎಸ್ ವೇರಿಯಬಲ್ ಖಾಲಿ ಮಾಡಿದರೆ ಅಕ್ಕಪಕ್ಕದ ಸ್ಪೇಸ್ ಉಳಿಯುತ್ತದೆ. ಹೈಫನ್ ಆರ್ ಕೊಟ್ಟರೆ ಬ್ಯಾಕ್‌ಸ್ಲ್ಯಾಶ್ ಉಳಿಯುತ್ತದೆ. ಫೈಲಿನ ಕೊನೆಯ ಸಾಲಿಗೆ ನ್ಯೂಲೈನ್ ಇಲ್ಲದಿದ್ದರೆ ರೀಡ್ ಆ ಸಾಲನ್ನು ಓದಿಯೂ ‘ಸೋತೆ’ ಅನ್ನುತ್ತದೆ, ಲೂಪ್ ಅದನ್ನು ಬಿಟ್ಟುಬಿಡುತ್ತದೆ. ಪೈಥಾನ್‌ನಲ್ಲಿ ಈ ಕಾಟ ಇಲ್ಲ.

ಸಾಲುಗಳನ್ನು ಅರೇಗೆ ತುಂಬುವ ಮ್ಯಾಪ್‌ಫೈಲ್ 2009ರ ಬ್ಯಾಶ್ 4ರಲ್ಲಿ ಬಂತು. ಮ್ಯಾಕ್ ಜೊತೆ ಬರುವ ಬ್ಯಾಶ್ ಇನ್ನೂ 3.2. ಅಲ್ಲಿ ಅದು ಸಿಗುವುದಿಲ್ಲ. ಪೈಪಿನಿಂದ ವೈಲ್‌ಗೆ ಕೊಟ್ಟರೆ ಲೂಪ್ ಸಬ್‌ಶೆಲ್ ಎಂಬ ಬೇರೊಂದು ಶೆಲ್‌ನಲ್ಲಿ ಓಡುತ್ತದೆ, ಒಳಗೆ ಎಣಿಸಿದ ಲೆಕ್ಕ ಹೊರಗೆ ಬಂದಾಗ ಸೊನ್ನೆ. ಮೇಲಾಗಿ ಪೈಪಿನಿಂದ ಓದುವಾಗ ರೀಡ್ ಒಂದೊಂದೇ ಬೈಟ್ ಎತ್ತುತ್ತದೆ, ಸಾಲು ಲಕ್ಷಗಟ್ಟಲೆ ಆದರೆ ತೆವಳುತ್ತದೆ. ಲಾಗ್‌ನಿಂದ ಎರಡು ಕಾಲಂ ತೆಗೆದು ಕೂಡಿಸುವ ಥರದ ಕೆಲಸಕ್ಕೆ ಆಕ್ ಎಂಬ ಟೂಲ್ ಎಷ್ಟೋ ಮೇಲು. ಆದರೆ ಕನ್ನಡ ಅಕ್ಷರ ಎಣಿಸುವುದಿದ್ದರೆ ಯಾವ ಆಕ್ ಅಂತ ನೋಡಿಕೊಳ್ಳಿ. ಗಾಕ್ ‘ಕನ್ನಡ’ ಪದಕ್ಕೆ 5 ಅನ್ನುತ್ತದೆ. ಉಬುಂಟು, ಡೆಬಿಯನ್ ಜೊತೆ ಬರುವ ಮಾಕ್ ಬೈಟ್ ಎಣಿಸಿ 15 ಅನ್ನುತ್ತದೆ.

ವೈಲ್ ರೀಡ್ ನಿಜಕ್ಕೂ ಹೊಂದುವುದು ಪ್ರತಿ ಸಾಲಿಗೂ ಬೇರೊಂದು ಪ್ರೋಗ್ರಾಂ ಓಡಿಸುವಾಗ. ಸರ್ವರ್ ಪಟ್ಟಿ ಓದಿ ಒಂದೊಂದಕ್ಕೂ ಎಸ್‌ಎಸ್‌ಎಚ್ ಮಾಡುವುದು, ವಿಡಿಯೋ ಪಟ್ಟಿ ಓದಿ ಎಫ್‌ಎಫ್‌ಎಂಪೆಗ್ ಓಡಿಸುವುದು ಇತ್ಯಾದಿ. ಅಲ್ಲಿ ಮೊದಲ ಸರ್ವರ್ ಆದ ಕೂಡಲೇ ಲೂಪ್ ನಿಂತುಹೋದರೆ ಗಾಬರಿ ಬೇಡ. ಎಸ್‌ಎಸ್‌ಎಚ್ ನಿಮ್ಮ ಪಟ್ಟಿಯ ಮಿಕ್ಕ ಸಾಲುಗಳನ್ನು ತನ್ನ ಇನ್‌ಪುಟ್ ಅಂತ ತಿಳಿದು ನುಂಗಿರುತ್ತದೆ. ಎಸ್‌ಎಸ್‌ಎಚ್‌ಗೆ ಹೈಫನ್ ಎನ್, ಎಫ್‌ಎಫ್‌ಎಂಪೆಗ್‌ಗೆ ನೋಎಸ್‌ಟಿಡಿಇನ್ ಆಯ್ಕೆ ಕೊಟ್ಟರೆ ಪಟ್ಟಿ ಕೊನೆಯವರೆಗೂ ಓಡುತ್ತದೆ.